ಉಗುರುಸುತ್ತು ಮತ್ತು ಅದರ ಉಪಚಾರ



ಮಹಾವ್ಯಾಧಿಗಳನ್ನು ಕುರಿತ ಉಪನ್ಯಾಸಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕ್ಷಯ, ಹೃದ್ರೋಗ, ಮಧುಮೇಹಗಳ ವಿಷಯವನ್ನು ಬಲ್ಲವರು ಹೇಳುತ್ತಾರೆ, ಅರಿಯಬೇಕೆಂಬವರು ಕೇಳುತ್ತಾರೆ. ಆದರೆ ಬೆರಳ ತುದಿಯಲ್ಲಿ ಹುಟ್ಟಿ, ರಾತ್ರಿಯ ನಿದ್ರೆಯನ್ನು ಕೆಡಿಸಿ, ಮರುದಿನ ಲೇಖನಿಯನ್ನಾಗಲಿ ತುತ್ತನ್ನಾಗಲಿ ಹಿಡಿಯಗೊಡದ ಉಗುರುಸುತ್ತಿನ ವಿಷಯದಲ್ಲಿ ಮಾತನಾಡುವವರು ವಿರಳ. ಇಷ್ಟು ಸಣ್ಣ ಬೇನೆಗೆ ಉಪನ್ಯಾಸವೇತಕ್ಕೆಂಬ ಉಪೇಕ್ಷೆಯೇ ಇದಕ್ಕೆ ಕಾರಣವಾಗಿರಬೇಕು. ಅನುಭವಿಸಿದವರ ಅಭಿಪ್ರಾಯವಾದರೋ ಬೇರೆ. ಕಷ್ಟದ ಮೇಲೆ ಕಷ್ಟ ಬಂದುದನ್ನು ಹೇಳಬೇಕಾದಾಗ ನಮ್ಮ ನೆರೆಯ ತೆಲುಗರು ‘ಗೋರುಚುಟ್ಟಿನ ಮೇಲೆ ರೋಕಲಿಪೋಟು’ ಎನ್ನುತ್ತಾರೆ. ಎಂದರೆ, ಉಗುರುಸುತ್ತಿನ ಮೇಲೆ ಒನಕೆಯ ಪೆಟ್ಟು. ನೋವಿಗೆ ಉಪಮಾನವನ್ನು ಹುಡುಕುತ್ತ ಹೋದ ಜನಕ್ಕೆ ಇದಕ್ಕಿಂತ ತೀಕ್ಷ್ಣವಾದುದು ದೊರೆಯಲಿಲ್ಲವೆಂದಾಯಿತು.

ಈ ಬೇನೆಯಲ್ಲಿ ಮೂರು ಅವಸ್ಥೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಕೀವು ಕಟ್ಟುವುದಕ್ಕೆ ಮುಂಚಿನದು ಒಂದು. ಕೀವು ಕಟ್ಟಿದ ಮೇಲಿನದು ಎರಡನೆಯದು. ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುವುದು ಮೂರನೆಯದು. ಮೊದಲನೆಯದಕ್ಕೆ ಬಿಸಿನೀರು ಸಾಕು. ಎರಡನೆಯದಕ್ಕೆ ಕೀವನ್ನು ಹೊರಬಿಡಿಸುವುದೇ ಚಿಕಿತ್ಸೆ. ಮೂರನೆಯದಕ್ಕೆ ನೀರೇ ಶತ್ರು. ಒಂದರ ಉಪಚಾರವನ್ನು ಮತ್ತೊಂದಕ್ಕೆ ಮಾಡುವುದರಿಂದಲೇ ಈ ಸಣ್ಣ ಬೇನೆಯು ಅನೇಕವೇಳೆ ದೊಡ್ಡದಾಗುತ್ತದೆ. ಇದನ್ನು ವಿಶದಪಡಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಉಗುರಿನ ರಚನೆಯನ್ನು ಸ್ವಲ್ಪ ನೋಡೋಣ. ಉಗುರೆಂದು ನಾವು ಕರೆಯುವ ಗಟ್ಟಿಯಾದ ಬಿಲ್ಲೆಯು ಸ್ವತಃ ಜೀವವಿಲ್ಲದ್ದು. ಕೂದಲಿನಂತೆಯೂ ಕೊಂಬಿನಂತೆಯೂ ಕೆರಟಿನ್ ಎಂಬ ದ್ರವ್ಯದಿಂದಾದುದು. ಅದು ಹುಟ್ಟುವುದು ಬುಡದಲ್ಲಿ, ಚರ್ಮದ ಅಡಿಯಲ್ಲಿ ಅಡಗಿರುವ ಸಜೀವವಾದ ಅಂಗಾಂಶದಲ್ಲಿ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕಾಣುವ ಬೆಳ್ಳನೆಯ ಅರ್ಧಚಂದ್ರಾಕೃತಿಯು ಆ ಅಂಗಾಂಶದ ಹೊರಗೆ ಇಣುಕುವ ಭಾಗ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುವುದು. ಯಾವ ಕಾರಣದಿಂದಲಾದರೂ ಅದು ಕಳಚಿಬಿದ್ದರೆ ಹೊಸ ಉಗುರು ಪೂರ್ತಿಯಾಗಿ ಬರುವುದಕ್ಕೆ ಸುಮಾರು 6 ತಿಂಗಳು ಹಿಡಿಯುವುದು.

ಈ ಬಿಲ್ಲೆಯನ್ನು ಬುಡದಲ್ಲಿಯೂ ಎರಡು ಮಗ್ಗುಲುಗಳಲ್ಲಿಯೂ ಚರ್ಮದ ಮಡಿಕೆಯು, ಕನ್ನಡಿಗೆ ಹಾಕಿದ ಚೌಕಟ್ಟಿನಂತೆ, ಸುತ್ತಿ ಹಿಡಿದಿರುತ್ತದೆ. ಬುಡದ ಮಡಿಕೆಯಿಂದ ಒಂದು ತೆಳುಪೊರೆಯು ಮುಂದಕ್ಕೆ ಚಾಚಿ ಉಗುರಿಗೆ ಅಂಟಿಕೊಂಡಿರುತ್ತದೆ. ಇದನ್ನು ಕೊಳೆಯೆಂದು ಭಾವಿಸಿ ಕೆರೆದು ತೆಗೆಯುವವರುಂಟು; ಅಂದಕ್ಕಾಗಿ ಕಡ್ಡಿಯಿಂದ ಹಿಂದಕ್ಕೆ ಒತ್ತಿಸಿಕೊಳ್ಳುವವರೂ ಉಂಟು. ವಾಸ್ತವವಾಗಿ ಅದು ಲಕ್ಕೋಟೆಗೆ ಒತ್ತಿದ ಅರಗಿನ ಮುದ್ರೆಯಿದ್ದಂತೆ. ಉಗುರಿಗೂ ಚರ್ಮಕ್ಕೂ ನಡುವಣ ಸಂದಿಯೊಳಕ್ಕೆ ನೀರೂ ಕೊಳೆಯೂ ಸೂಕ್ಷ್ಮಜೀವಿಗಳೂ ಇಳಿಯದಂತೆ ತಡೆಯುವುದೇ ಅದರ ಕೆಲಸ. ಮುದ್ರೆಯೊಡೆದ ಲಕ್ಕೋಟೆಯು ಹೇಗೆ ಭದ್ರವಲ್ಲವೋ, ಪೊರೆ ಹರಿದ ಉಗುರೂ ಹಾಗೆಯೇ ಭದ್ರವಲ್ಲ.

ಈ ಮುದ್ರೆಯು ಒಡೆಯುವ ಬಗೆಗಳು ಹಲವು. ಉಗುರು ಕಚ್ಚುವ ಚಟ, ಮಕ್ಕಳು ಬೆರಳು ಚೀಪುವುದು, ಉಗುರಿನ ಬದಿಯಲ್ಲಿ ಎದ್ದ ತೊಗಲಿನ ಸಣ್ಣ ಎಳೆಯನ್ನು ಹಲ್ಲಿನಿಂದ ಕಿತ್ತುಬಿಡುವುದು, ತೀರ ಮಾಂಸದವರೆಗೆ ಉಗುರು ಕತ್ತರಿಸುವುದು—ಇವು ಪಟ್ಟಣವಾಸಿಗಳಲ್ಲಿ ಸಾಮಾನ್ಯವಾದ ಕಾರಣಗಳು. ಹಳ್ಳಿಗಾಡಿನಲ್ಲಿ ಕಾರಣಗಳು ಬೇರೆಯಾಗುತ್ತವೆ. ನಿದರ್ಶನಕ್ಕಾಗಿ ಯಲಬುರ್ಗಾ ಸೀಮೆಯನ್ನು ತೆಗೆದುಕೊಳ್ಳೋಣ. ಎರಂಬರಗೆಯೆಂಬ ಹೆಸರಿನಿಂದ ಹಿಂದೆ ಸಿಂದ ಅರಸರ ರಾಜಧಾನಿಯಾಗಿದ್ದು, 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರಲ್ಲಿ ಕನ್ನಡ ನಾಡು ಒಂದಾದಾಗ ಅದರೊಳಗೆ ಸೇರಿ, ಈಗ ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಾಗಿರುವ ಈ ಪ್ರದೇಶವು ಬಹುಮಟ್ಟಿಗೆ ಮಳೆಯನ್ನೇ ನಂಬಿದ ನಾಡು. ಜೋಳ, ಸಜ್ಜೆ, ಕಡಲೆ, ಶೇಂಗಾ, ಹತ್ತಿಗಳು ಇಲ್ಲಿಯ ಬೆಳೆಗಳು. ಇವುಗಳಲ್ಲಿ ಬೆರಳಿಗೆ ಕೆಲಸ ಕೊಡದ ಬೆಳೆ ಒಂದೂ ಇಲ್ಲ. ಹತ್ತಿಯನ್ನು ಬಿಡಿಸುವಾಗ ಒಣಗಿ ಬಿರಿದ ಕಾಯಿಯ ಚೂಪಾದ ತುದಿಗಳು ಉಗುರಿನ ಬುಡವನ್ನು ಗೀರುತ್ತವೆ. ಬಿತ್ತನೆಯ ಕಾಳಿಗಾಗಿ ಶೇಂಗಾ ಸುಲಿಯುವಾಗ ಹೆಬ್ಬೆರಳು ತೋರುಬೆರಳುಗಳ ಅಂಚು ಸವೆದು ಸೀಳುತ್ತದೆ. ಕಳೆ ಕೀಳುವಾಗ ಮುಳ್ಳೂ, ಜೋಳದ ಹೊಲದಲ್ಲಿ ಕೂಳೆಯೂ ಚುಚ್ಚುತ್ತವೆ. ಅದೇ ಕೈಯೇ ಬೆಳಗಾದರೆ ಸಗಣಿ ಬಾಚುವ ಕೈ. ಹೀಗೆ ಗಾಯವೂ ಕೊಳೆಯೂ ಒಂದೇ ಬೆರಳಿನಲ್ಲಿ ಸಂಧಿಸುತ್ತವೆ.

ಗಾಯವು ಕೇವಲ ಬಾಗಿಲು. ಒಳಗೆ ಬರುವ ಅತಿಥಿ ಬೇರೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯರಾದ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬವರು 1880ರ ಸುಮಾರಿಗೆ ಹುಣ್ಣುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಲು, ಗೊಂಚಲು ಗೊಂಚಲಾಗಿ ಕೂಡಿದ್ದ ದುಂಡನೆಯ ಜೀವಿಗಳು ಕಂಡುಬಂದವು. ದ್ರಾಕ್ಷಿಗೊಂಚಲಿಗೆ ಗ್ರೀಕ್ ಭಾಷೆಯಲ್ಲಿರುವ ಪದವನ್ನು ಆಧಾರವಾಗಿಟ್ಟುಕೊಂಡು 1882ರಲ್ಲಿ ಅವರು ಅವಕ್ಕೆ ಸ್ಟಾಫಿಲೊಕಾಕಸ್ ಎಂದು ಹೆಸರಿಟ್ಟರು. ದಿಢೀರನೆ ಬರುವ ಉಗುರುಸುತ್ತಿಗೆ ಮುಖ್ಯ ಕಾರಣವು ಈ ಜಾತಿಯ ಜೀವಿಯೇ. ಇದು ಎಲ್ಲಿಂದಲೋ ಬರಬೇಕಾಗಿಲ್ಲ. ಆರೋಗ್ಯವಂತರಾದ ಅನೇಕರ ಮೂಗಿನಲ್ಲಿಯೂ ಚರ್ಮದ ಮೇಲೂ ಯಾವ ಉಪದ್ರವವನ್ನೂ ಮಾಡದೆ ವಾಸವಾಗಿರುತ್ತದೆ. ಬಾಗಿಲು ತೆರೆದಾಗ ಒಳಹೊಗುತ್ತದೆ. ಬೆರಳು ಚೀಪುವ ಮಕ್ಕಳಲ್ಲಿಯೂ ಉಗುರು ಕಚ್ಚುವವರಲ್ಲಿಯೂ ಬಾಯಿಯೊಳಗಿನ ಇತರ ಜೀವಿಗಳೂ ಇದರ ಜೊತೆಗೂಡುವುದುಂಟು.

ಬೆರಳಿನ ಗಾಯವನ್ನು ಅಲಕ್ಷಿಸಬಾರದೆಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. 1847ರ ಮಾರ್ಚ್ ತಿಂಗಳಿನಲ್ಲಿ ವಿಯೆನ್ನಾ ನಗರದಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆ ಮಾಡಿಸುತ್ತಿದ್ದಾಗ, ವಿದ್ಯಾರ್ಥಿಯೊಬ್ಬನ ಚಾಕುವಿನ ತುದಿಯು ಅವರ ಬೆರಳಿಗೆ ತಾಗಿತು. ಅದರ ನಂಜು ಮೈಗೆಲ್ಲ ಏರಿ ಅವರು ತೀರಿಕೊಂಡರು. ಅವರ ಮಿತ್ರರಾದ ಇಗ್ನಾಜ್ ಸೆಮೆಲ್‌ವೈಸ್ ಆ ಪರೀಕ್ಷೆಯ ವರದಿಯನ್ನು ಓದಿದಾಗ, ತಮ್ಮ ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಕೊಲ್ಲುತ್ತಿದ್ದ ಜ್ವರದ ಲಕ್ಷಣಗಳೇ ಅದರಲ್ಲಿದ್ದುದನ್ನು ಕಂಡರು. ಶವದಿಂದ ಬೆರಳಿಗೆ ಬಂದುದೇ ವೈದ್ಯರ ಕೈಗಳ ಮೂಲಕ ತಾಯಂದಿರಿಗೂ ಹೋಗುತ್ತಿದೆಯೆಂದು ತರ್ಕಿಸಿ, ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ಜಾರಿಗೆ ತಂದರು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನಿನಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಇಂದು ಉಗುರುಸುತ್ತಿನಿಂದ ಪ್ರಾಣ ಹೋಗುವುದು ತೀರ ಅಪರೂಪ. ಹೆದರಿಸುವುದು ನಮ್ಮ ಉದ್ದೇಶವಲ್ಲ. ಬೆರಳ ತುದಿಯು ದೇಹದ ಹೊರಗಿನದಲ್ಲ, ದೇಹದ್ದೇ ಒಂದು ಭಾಗವೆಂಬುದನ್ನು ನೆನಪಿಸುವುದಷ್ಟೆ.

ಇನ್ನು ಉಪಚಾರಕ್ಕೆ ಬರೋಣ. ಉಗುರಿನ ಒಂದು ಮಗ್ಗುಲು ಕೆಂಪಾಗಿ, ಮುಟ್ಟಿದರೆ ನೋವಾಗಿ, ಸ್ವಲ್ಪ ಊದಿಕೊಂಡಿದೆ. ಆದರೆ ಎಲ್ಲಿಯೂ ಹಳದಿ ಬಣ್ಣವಾಗಲಿ ಬಿಳುಪಾಗಲಿ ಕಾಣುವುದಿಲ್ಲ. ಇದು ಮೊದಲನೆಯ ಅವಸ್ಥೆ. ಈ ಕಾಲದಲ್ಲಿ ಒಂದು ಬಟ್ಟಲು ಬಿಸಿನೀರೇ ಮುಖ್ಯವಾದ ಔಷಧ. ಕೈಗೆ ಹಿತವಾಗುವಷ್ಟು ಬಿಸಿಯಿರಬೇಕೇ ಹೊರತು ಸುಡುವಷ್ಟಿರಬಾರದು. ಅದರಲ್ಲಿ ಬೆರಳನ್ನು ಒಂದೊಂದು ಸಲಕ್ಕೆ 10ರಿಂದ 15 ನಿಮಿಷಗಳವರೆಗೆ, ದಿನಕ್ಕೆ ಮೂರು ನಾಲ್ಕು ಸಲ ಇಡತಕ್ಕದ್ದು. ಶಾಖದಿಂದ ರಕ್ತದ ಓಡಾಟ ಹೆಚ್ಚಿ, ದೇಹದ ಕಾವಲುಪಡೆಯಾದ ಬಿಳಿಯ ರಕ್ತಕಣಗಳು ಅಲ್ಲಿಗೆ ಹೆಚ್ಚಾಗಿ ಬರುತ್ತವೆ. ಬಿಗಿದ ಚರ್ಮವೂ ಮೆತ್ತಗಾಗುತ್ತದೆ. ಪ್ರತಿಸಲವೂ ಬೆರಳನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿ ಆರಿಸಬೇಕು. ವೈದ್ಯರು ಹೇಳಿದಲ್ಲಿ ಸೂಕ್ಷ್ಮಜೀವಿನಾಶಕ ಮುಲಾಮನ್ನು ತೆಳ್ಳಗೆ ಹಚ್ಚಬಹುದು. ಕೈಯನ್ನು ಇಳಿಬಿಡದೆ ಎದೆಯ ಮಟ್ಟಕ್ಕೆ ಎತ್ತಿಟ್ಟುಕೊಂಡರೆ ಮಿಡಿಯುವ ನೋವು ಕಡಿಮೆಯಾಗುವುದು. ಉಂಗುರವಿದ್ದರೆ ಊತ ಹೆಚ್ಚುವ ಮೊದಲೇ ತೆಗೆದಿಡುವುದು ಲೇಸು. ಎಷ್ಟೋ ಮಂದಿಗೆ ಎರಡು ಮೂರು ದಿನಗಳಲ್ಲಿ ಇಷ್ಟರಿಂದಲೇ ಗುಣ ಕಾಣುವುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆಂಬ ಗಾದೆಯು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಮಧುಮೇಹದಿಂದ ಬೆರಳ ಸ್ಪರ್ಶಜ್ಞಾನ ಕುಗ್ಗಿದವರು ಮಾತ್ರ ಇಲ್ಲಿ ಎಚ್ಚರವಾಗಿರಬೇಕು. ನೀರಿನ ಬಿಸಿಯು ಅವರ ಕೈಗೆ ತಿಳಿಯದೆ ಬೊಬ್ಬೆಯೇಳುವುದುಂಟು. ಮನೆಯ ಇನ್ನೊಬ್ಬರು ಮೊಣಕೈಯಿಂದ ಮುಟ್ಟಿ ನೋಡಿ ಕೊಡುವುದು ಕ್ಷೇಮ.

ಎರಡನೆಯ ಅವಸ್ಥೆಯಲ್ಲಿ ಊತವು ಬಿಗಿಯಾಗಿ, ನಾಡಿಯ ಬಡಿತದೊಡನೆ ನೋವೂ ಬಡಿಯತೊಡಗಿ, ಉಗುರಿನ ಅಂಚಿನಲ್ಲಿ ಹಳದಿಯ ಚುಕ್ಕೆಯೋ ಪಟ್ಟಿಯೋ ಕಾಣುವುದು. ಕೀವು ಕಟ್ಟಿತೆಂಬುದಕ್ಕೆ ಇದು ಗುರುತು. ಬೆರಳ ತುದಿಯ ಮೆತ್ತೆಯನ್ನು ಮೆಲ್ಲನೆ ಒತ್ತಿದಾಗ, ಕೀವಿರುವ ಭಾಗವು ಸುತ್ತಲಿನ ಚರ್ಮಕ್ಕಿಂತ ಬೆಳ್ಳಗೆ ಎದ್ದು ಕಾಣುವುದರಿಂದಲೂ ವೈದ್ಯರು ಅದನ್ನು ಗುರುತಿಸುತ್ತಾರೆ. ಈ ಹಂತದಲ್ಲಿ ಬಿಸಿನೀರೊಂದನ್ನೇ ನೆಚ್ಚಿ ಕೂರುವುದು ಸರಿಯಲ್ಲ. ಗುಳಿಗೆಯನ್ನು ನೆಚ್ಚಿ ಕೂರುವುದೂ ಸರಿಯಲ್ಲ. ಕೀವು ತುಂಬಿದ ಗೂಡಿನೊಳಗೆ ರಕ್ತವು ಹರಿಯುವುದಿಲ್ಲ. ರಕ್ತ ಹೋಗದಲ್ಲಿಗೆ ಅದರೊಡನೆ ಬರುವ ಔಷಧವೂ ಸಾಕಷ್ಟು ಹೋಗಲಾರದು. ಕೀವಿಗೆ ದಾರಿ ಮಾಡಿಕೊಡುವುದೇ ಇದರ ಚಿಕಿತ್ಸೆ.

ಇದು ಹೊಸ ತತ್ತ್ವವೇನೂ ಅಲ್ಲ. ನಮ್ಮ ಸುಶ್ರುತಸಂಹಿತೆಯು ಉಗುರಿನ ಮಾಂಸದಲ್ಲಿ ಉರಿ, ನೋವು, ಪಾಕಗಳನ್ನುಂಟುಮಾಡುವ ಬೇನೆಯನ್ನು ‘ಚಿಪ್ಪ’ವೆಂದು ಹೆಸರಿಸಿ, ಕ್ಷುದ್ರರೋಗಗಳ ವರ್ಗದಲ್ಲಿ ಸೇರಿಸಿದೆ. ಬಿಸಿನೀರಿನಿಂದ ತೊಳೆದು, ಕೊಯ್ದು, ದುಷ್ಟದ್ರವವನ್ನು ಹೊರಹರಿಸಿ ಕಟ್ಟು ಕಟ್ಟಬೇಕೆಂಬುದು ಅದರ ವಿಧಾನ. ಕ್ಷುದ್ರವೆಂದು ಕರೆದ ರೋಗಕ್ಕೂ ಕ್ರಮವಾದ ಚಿಕಿತ್ಸೆಯನ್ನು ಹೇಳದೆ ಬಿಡಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ಈಗಿನ ಶಸ್ತ್ರಕ್ರಮವು ಕೇಳುವವರು ಊಹಿಸುವಷ್ಟು ಭಯಂಕರವಾದುದಲ್ಲ. ಬೇಕಾದಲ್ಲಿ ಬೆರಳ ಬುಡಕ್ಕೆ ಲಿಗ್ನೊಕೇಯಿನ್ ಎಂಬ ಔಷಧವನ್ನು ಚುಚ್ಚಿ ಬೆರಳನ್ನು ಮರಗಟ್ಟಿಸುತ್ತಾರೆ. ಬಳಿಕ ಚಪ್ಪಟೆಯಾದ, ಶುದ್ಧೀಕರಿಸಿದ ಉಪಕರಣವನ್ನು ಉಗುರಿನ ಮೇಲ್ಮೈಗೆ ಸಮವಾಗಿ ಸರಿಸಿ, ಉಗುರಿಗೂ ಚರ್ಮಕ್ಕೂ ನಡುವೆ ಮಡಿಕೆಯನ್ನು ಮೆಲ್ಲನೆ ಎತ್ತುತ್ತಾರೆ. ಅನೇಕವೇಳೆ ಚರ್ಮವನ್ನು ಕೊಯ್ಯುವ ಅಗತ್ಯವೇ ಇಲ್ಲದೆ ಕೀವು ತಾನಾಗಿ ಹೊರಬರುವುದು. ಅದರೊಡನೆ ನೋವೂ ಬಹುಮಟ್ಟಿಗೆ ಇಳಿಯುವುದು. ಕೀವು ಉಗುರಿನ ಅಡಿಗೆ ಹರಿದಿದ್ದರೆ ಮಾತ್ರ ಉಗುರಿನ ಒಂದು ಭಾಗವನ್ನು ತೆಗೆಯಬೇಕಾಗಬಹುದು. ಆಮೇಲೆ ಒಂದೆರಡು ದಿನ ಬಿಸಿನೀರಿನ ಉಪಚಾರ, ಶುಭ್ರವಾದ ಕಟ್ಟು. ಆರೋಗ್ಯವಂತರಲ್ಲಿ ಕೀವು ಚೆನ್ನಾಗಿ ಹೊರಟುಹೋದ ಮೇಲೆ ಹೊಟ್ಟೆಗೆ ಪ್ರತಿಜೀವಕ ಔಷಧಗಳನ್ನು ಕೊಡುವ ಅವಶ್ಯಕತೆಯೇ ಸಾಮಾನ್ಯವಾಗಿ ಬೀಳುವುದಿಲ್ಲ. ಕೆಂಪು ಸುತ್ತಲೂ ಹರಡಿದವರಿಗೆ, ಜ್ವರ ಬಂದವರಿಗೆ, ಮಧುಮೇಹಿಗಳಿಗೆ, ಬೇರೆ ಕಾರಣದಿಂದ ದೇಹದ ರೋಗನಿರೋಧಶಕ್ತಿ ಕುಂದಿದವರಿಗೆ ಅವು ಬೇಕಾಗಬಹುದು. ಯಾವುದನ್ನು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಧನುರ್ವಾಯುವಿನ ಲಸಿಕೆಯ ಅವಧಿ ಮೀರಿದ್ದರೆ ಅದನ್ನೂ ಆಗಲೇ ಹಾಕಿಸಿಕೊಳ್ಳಬೇಕು.

ಇಂತಹ ಶಸ್ತ್ರಕ್ರಮವನ್ನು ಮನೆಯಲ್ಲಿ ಮಾಡಕೂಡದು. ದೀಪದಲ್ಲಿ ಕಾಯಿಸಿದ ಸೂಜಿ, ಕ್ಷೌರದ ಬ್ಲೇಡು, ಸೀರೆಗೆ ಸಿಕ್ಕಿಸಿಕೊಂಡ ಪಿನ್ನು—ಇವುಗಳಿಂದ ಚುಚ್ಚಿ ಹಿಂಡುವುದರಿಂದ ಕೀವು ಹೊರಕ್ಕೆ ಬರುವ ಬದಲು ಒಳಕ್ಕೆ ಸರಿಯಬಹುದು. ಉಗುರು ಹುಟ್ಟುವ ಅಂಗಾಂಶಕ್ಕೆ ಏಟು ಬಿದ್ದು ಉಗುರು ಶಾಶ್ವತವಾಗಿ ಸೀಳಾಗಿಯೋ ಸೊಟ್ಟಾಗಿಯೋ ಬೆಳೆಯಬಹುದು.

ವಿದ್ಯಾವಂತರಾದ ನಗರವಾಸಿಗಳಲ್ಲಿ ಇನ್ನೊಂದು ದೋಷವು ಹೆಚ್ಚು. ಚಿಕಿತ್ಸಕರಲ್ಲಿಗೆ ಹೋಗದೆ ಔಷಧದಂಗಡಿಗೆ ಹೋಗಿ ಪ್ರತಿಜೀವಕದ ನಾಲ್ಕು ಗುಳಿಗೆಗಳನ್ನು ಕೊಳ್ಳುವುದು, ಎರಡನ್ನು ನುಂಗಿ ಉಳಿದೆರಡನ್ನು ಮುಂದಿನ ಬೇನೆಗೆಂದು ಕಪಾಟಿನಲ್ಲಿಡುವುದು. ಈ ಔಷಧಗಳ ಬೆಲೆಯೇನೆಂಬುದನ್ನು ತಿಳಿಯಬೇಕಾದರೆ 1941ನೆಯ ಇಸವಿಗೆ ಹೋಗಬೇಕು. ಆ ವರ್ಷದ ಫೆಬ್ರವರಿ 12ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸಿನವರಿಗೆ ಪೆನಿಸಿಲಿನ್ ಔಷಧವನ್ನು ಕೊಡಲಾರಂಭಿಸಿದರು. ಸಣ್ಣ ಗಾಯದಿಂದ ಮೊದಲಾದ ನಂಜು ಅವರ ಮುಖವನ್ನೂ ಕಣ್ಣನ್ನೂ ಶ್ವಾಸಕೋಶಗಳನ್ನೂ ವ್ಯಾಪಿಸಿತ್ತು. ಔಷಧ ಬಿದ್ದೊಡನೆ ಚೇತರಿಕೆ ಕಂಡಿತು. ಆದರೆ ಇದ್ದ ಔಷಧವೇ ಅಲ್ಪ. ರೋಗಿಯ ಮೂತ್ರದಿಂದ ಅದನ್ನು ಮರಳಿ ತೆಗೆದು ಕೊಟ್ಟರೂ ಸಾಲದಾಯಿತು. ಮಾರ್ಚ್ 15ರಂದು ಅವರು ತೀರಿಕೊಂಡರು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕದ ಉಪನ್ಯಾಸವನ್ನು ಮಾಡುವಾಗಲೇ, ಸಾಲದ ಪ್ರಮಾಣದಲ್ಲಿ ಔಷಧವನ್ನು ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಸಾಯದೆ ಅದಕ್ಕೆ ಪಳಗಿಬಿಡುವುವೆಂದು ಎಚ್ಚರಿಸಿದರು. ಆ ಮಾತು ನಿಜವಾಯಿತು. ಉಗುರುಸುತ್ತನ್ನು ತರುವ ಸ್ಟಾಫಿಲೊಕಾಕಸ್‌ನ ಬಹುಪಾಲು ತಳಿಗಳ ಮೇಲೆ ಹಿಂದಿನ ಆ ಪೆನಿಸಿಲಿನ್ ಈಗ ಕೆಲಸ ಮಾಡುವುದಿಲ್ಲ. ಅದರ ನಂತರ ಬಂದ ಔಷಧಗಳಿಗೂ ಬಗ್ಗದ ತಳಿಗಳು ಎಲ್ಲೆಡೆ ಇವೆ. ಕಪಾಟಿನಲ್ಲಿ ಉಳಿಸಿದ ಎರಡು ಗುಳಿಗೆಗಳು ಉಳಿತಾಯವಲ್ಲ.

ಇನ್ನು ಮನೆಮದ್ದುಗಳ ಮಾತು. ಉಗುರುಸುತ್ತಾದ ಬೆರಳಿಗೆ ನಿಂಬೆಯ ಹಣ್ಣನ್ನು ತೂತು ಮಾಡಿ ಟೋಪಿಯಂತೆ ತೊಡಿಸುವ ಪದ್ಧತಿಯನ್ನು ಅರಿಯದ ಕನ್ನಡಿಗರಿಲ್ಲ. ಇದನ್ನು ನಗುವುದೂ ಬೇಡ, ನಂಬಿ ಕೂರುವುದೂ ಬೇಡ. ತಂಪಿನಿಂದ ಸ್ವಲ್ಪ ಹಿತವಾಗುವುದು. ಬೆರಳಿಗೆ ಏಟು ತಾಗದಂತೆ ತಡೆಯುವುದೂ ಹೌದು. ಆದರೆ ಒಳಗೆ ಕಟ್ಟಿದ ಕೀವನ್ನು ನಿಂಬೆಯು ಹೊರತೆಗೆಯಲಾರದು. ಅದರ ಹುಳಿಯು ಒಡೆದ ಚರ್ಮವನ್ನು ಕೆರಳಿಸುವುದು. ನಿಂಬೆಯ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಯೆದ್ದು ಕಪ್ಪುಕಲೆ ಉಳಿಯುವುದೂ ಉಂಟು. ಹೊಲದಲ್ಲಿ ದುಡಿಯುವವರಿಗೆ ಇದು ಮುಖ್ಯವಾದ ಮಾತು. ಎಲ್ಲಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಟೋಪಿಯ ಒಳಗೆ ಬೆರಳಿನ ಸ್ಥಿತಿಯೇನೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಂಪು ಹರಡಿದರೂ ಗೊತ್ತಾಗದೆ ಎರಡು ಮೂರು ದಿನಗಳು ಕಳೆದುಹೋಗುವುವು. ಸುಣ್ಣವನ್ನು ಮೆತ್ತುವುದು ಚರ್ಮವನ್ನು ಸುಡುವುದು. ಸಗಣಿಯನ್ನು ಹಚ್ಚುವುದಂತೂ ಕೂಡದು. ಧನುರ್ವಾಯುವಿನ ಬೀಜಗಳು ದನಕುದುರೆಗಳ ಸಗಣಿ ಲದ್ದಿಗಳಲ್ಲಿಯೂ ಅದು ಬಿದ್ದ ಮಣ್ಣಿನಲ್ಲಿಯೂ ಇರುತ್ತವೆ.

ಯಾವ ಚಿಹ್ನೆಗಳು ಕಂಡರೆ ಮನೆಯ ಉಪಚಾರವನ್ನು ನಿಲ್ಲಿಸಿ ಕೂಡಲೆ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನು ಎಲ್ಲರೂ ತಿಳಿದಿರಬೇಕು. ಬೆರಳ ತುದಿಯ ಮೆತ್ತೆಯೇ ಕಲ್ಲಿನಂತೆ ಬಿಗಿದು ಊದಿದರೆ ಕೀವು ಒಳಭಾಗಕ್ಕೆ ಇಳಿದಿದೆಯೆಂದು ಅರ್ಥ. ತಡಮಾಡಿದರೆ ಎಲುಬಿಗೆ ತಾಗುವುದು. ಕೈಯ ಮೇಲೆ ಕೆಂಪುಗೆರೆ ಏರುವುದು, ಕಂಕುಳಲ್ಲಿ ಗಂಟು ಕಾಣುವುದು, ಚಳಿಜ್ವರ ಬರುವುದು—ಇವು ನಂಜು ಏರುತ್ತಿರುವುದರ ಸೂಚನೆಗಳು. ಷಿಕಾಗೋ ನಗರದ ಶಸ್ತ್ರವೈದ್ಯರಾದ ಅಲೆನ್ ಕನಾವೆಲ್, ಕೈಯ ಸೋಂಕುಗಳ ವಿಷಯವಾಗಿಯೇ 1912ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಬೆರಳನ್ನು ಮಡಿಸುವ ನರದ ಹುರಿಯ ಚೀಲಕ್ಕೆ ಸೋಂಕು ತಗುಲಿದುದನ್ನು ತಿಳಿಸುವ ನಾಲ್ಕು ಗುರುತುಗಳು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ: ಬೆರಳು ತುದಿಯಿಂದ ಬುಡದವರೆಗೆ ಒಂದೇ ಸಮನಾಗಿ ಊದುವುದು, ಸ್ವಲ್ಪ ಮಡಿಸಿದಂತೆಯೇ ನಿಲ್ಲುವುದು, ಅಂಗೈಯ ಮಗ್ಗುಲಿನಲ್ಲಿ ಉದ್ದಕ್ಕೂ ಮುಟ್ಟಿದರೆ ನೋಯುವುದು, ಬೇರೆಯವರು ಅದನ್ನು ನೆಟ್ಟಗೆ ಮಾಡಹೋದರೆ ಸಹಿಸಲಾರದ ನೋವಾಗುವುದು. ಇವು ಕಂಡಾಗ ಗಂಟೆಗಳ ಲೆಕ್ಕವೇ ಹೊರತು ದಿನಗಳ ಲೆಕ್ಕವಲ್ಲ. ಉಪೇಕ್ಷಿಸಿದರೆ ಬೆರಳು ಮತ್ತೆ ಮಡಿಸಲು ಬಾರದಂತಾಗಬಹುದು. ಯಲಬುರ್ಗಾದ ಹಳ್ಳಿಯವರಾದರೆ ತಾಲ್ಲೂಕಿನ ಸರಕಾರಿ ದವಾಖಾನೆಗೂ, ಅಲ್ಲಿಂದ ಹೇಳಿದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೂ ಆ ದಿನವೇ ಹೋಗತಕ್ಕದ್ದು.

ಇನ್ನೊಂದು ವಿಶೇಷವನ್ನೂ ಇಲ್ಲಿಯೇ ಹೇಳಬೇಕು. ಉಗುರಿನ ಬಳಿಯಲ್ಲಿ ಕೀವಿನ ಬದಲು ತಿಳಿನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದಿದ್ದರೆ ಅದು ಹರ್ಪಿಸ್ ಎಂಬ ವೈರಸ್ಸಿನ ಸೋಂಕಾಗಿರಬಹುದು. ಬಾಯಿಹುಣ್ಣಾಗಿ ಬೆರಳು ಚೀಪುವ ಮಕ್ಕಳಲ್ಲಿ ಇದು ಕಾಣುವುದುಂಟು. ಇದನ್ನು ಕೊಯ್ಯಲೇಬಾರದು, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನಾಗಿ ಮಾಯುವುದು.

ಇನ್ನು ಮೂರನೆಯ ಅವಸ್ಥೆ. 6 ವಾರಗಳನ್ನು ಮೀರಿದ ಉಗುರುಸುತ್ತನ್ನು ವೈದ್ಯರು ದೀರ್ಘಕಾಲದ್ದೆಂದು ಎಣಿಸುತ್ತಾರೆ. ಇದರ ಸ್ವಭಾವವೇ ಬೇರೆ. ತೀವ್ರವಾದ ನೋವಿಲ್ಲ, ಒಂದೇ ಬೆರಳೆಂಬ ನಿಯಮವಿಲ್ಲ. ಉಗುರಿನ ಬುಡವು ದಪ್ಪನಾಗಿ ಉಬ್ಬಿ, ಮೊದಲು ಹೇಳಿದ ತೆಳುಪೊರೆಯು ಪೂರ್ತಿಯಾಗಿ ಅಳಿದು, ಉಗುರಿನ ಮೇಲೆ ಅಡ್ಡಗೆರೆಗಳು ಬೀಳುವುವು. ಇದು ಮುಖ್ಯವಾಗಿ ಸೂಕ್ಷ್ಮಜೀವಿಯ ರೋಗವಲ್ಲ. ಸದಾ ಒದ್ದೆಯಾಗಿರುವ ಕೈಯ ರೋಗ. ನೀರು, ಸಾಬೂನು, ತಿಕ್ಕುವ ಪುಡಿ, ಬಟ್ಟೆಯ ಸೋಡ, ಸಿಮೆಂಟು—ಇವುಗಳಿಂದ ಚರ್ಮವು ಕೆರಳಿ ಮುದ್ರೆ ಅಳಿಯುವುದು. ಬೂಷ್ಟಿನ ಜಾತಿಯ ಕ್ಯಾಂಡಿಡ ಎಂಬುದು ಆ ಸಂದಿನಲ್ಲಿ ಕಂಡುಬರುವುದಾದರೂ, ಅದು ಅನೇಕವೇಳೆ ಒದ್ದೆಯ ಸ್ಥಳವನ್ನು ಹುಡುಕಿ ಆಮೇಲೆ ಬಂದುದು. 2002ರಲ್ಲಿ ಇಟಲಿಯ ಚರ್ಮವೈದ್ಯರು ನಡೆಸಿದ ಪರೀಕ್ಷೆಯಲ್ಲಿ ಬೂಷ್ಟನ್ನು ಕೊಲ್ಲುವ ಗುಳಿಗೆಗಳಿಗಿಂತ ಚರ್ಮದ ಉರಿಯೂತವನ್ನು ತಗ್ಗಿಸುವ ಸ್ಟಿರಾಯ್ಡ್ ಮುಲಾಮೇ ಹೆಚ್ಚು ಗುಣ ತೋರಿತು. ಆ ಮುಲಾಮನ್ನು ವೈದ್ಯರ ಸಲಹೆಯಿಲ್ಲದೆ ಹಚ್ಚತಕ್ಕದ್ದಲ್ಲ. ಕೀವಿನ ಉಗುರುಸುತ್ತಿಗೆ ಹಚ್ಚಿದರೆ ಕೆಡುಕೇ ಆಗುವುದು. ಇಲ್ಲಿ ಬಿಸಿನೀರಿನಲ್ಲಿ ನೆನೆಯಿಡುವುದೂ ತಪ್ಪು. ಬೆರಳು ಒಣಗಿರಬೇಕು, ತಿಂಗಳುಗಳ ಕಾಲ ಒಣಗಿರಬೇಕು. ಹೊಸ ಪೊರೆ ಬೆಳೆದು ಮತ್ತೆ ಮುದ್ರೆ ಬೀಳುವವರೆಗೆ ಗುಣವಾಯಿತೆಂದು ಹೇಳುವಂತಿಲ್ಲ. ಒಂದೇ ಬೆರಳಿನಲ್ಲಿ ಯಾವ ಉಪಚಾರಕ್ಕೂ ಬಗ್ಗದೆ ಉಳಿಯುವ ಬೇನೆಯನ್ನು ತಜ್ಞರಿಗೆ ತೋರಿಸತಕ್ಕದ್ದು. ಅಪರೂಪವಾಗಿ ಅದರ ಹಿಂದೆ ಅರ್ಬುದವು ಅಡಗಿರುವುದುಂಟು.

ಈ ದೀರ್ಘಕಾಲದ ಬೇನೆಯು ಯಾರಿಗೆ ಬರುವುದೆಂಬುದನ್ನು ನಗರವಾಸಿಗಳಾದ ನಾವು ಯೋಚಿಸಬೇಕು. ದಿನಕ್ಕೆ ನಾಲ್ಕು ಮನೆಗಳ ಭಾಂಡೆ ತಿಕ್ಕುವವರಿಗೆ, ಬಟ್ಟೆ ಒಗೆಯುವವರಿಗೆ, ಖಾನಾವಳಿಯಲ್ಲಿ ತಟ್ಟೆ ತೊಳೆಯುವವರಿಗೆ, ಕಟ್ಟಡದಲ್ಲಿ ಗಾರೆ ಕಲಸುವವರಿಗೆ. ಯಲಬುರ್ಗಾ, ಕುಷ್ಟಗಿಗಳ ಕಡೆಯಿಂದ ಮಳೆ ತಪ್ಪಿದ ವರ್ಷ ಗುಳೆ ಹೊರಟವರಲ್ಲಿ ಅನೇಕರು ಬೆಂಗಳೂರು, ಮಂಗಳೂರುಗಳಂತಹ ನಗರಗಳಲ್ಲಿ ಇಂತಹ ಕೆಲಸಗಳನ್ನೇ ಹಿಡಿಯುತ್ತಾರೆ. ಊರಿನಲ್ಲಿ ಹತ್ತಿಯ ಕಾಯಿ ಗೀರಿದ ಬೆರಳು ಇಲ್ಲಿ ಸಾಬೂನಿನ ನೀರಿನಲ್ಲಿ ನೆನೆಯುತ್ತದೆ. ‘ಕೈಯನ್ನು ಒದ್ದೆ ಮಾಡಬೇಡ’ ಎಂದು ಚೀಟಿ ಬರೆದುಕೊಡುವುದು ವೈದ್ಯರಿಗೆ ಸುಲಭ. ಆದರೆ ಆ ಚೀಟಿಯ ಔಷಧವು ಅಂಗಡಿಯಲ್ಲಿ ಸಿಗುವುದಿಲ್ಲ; ಕೆಲಸ ಕೊಟ್ಟವರ ಮನೆಯಲ್ಲಿ ಸಿಗಬೇಕು. ಒಳಗೆ ತೊಡುವುದಕ್ಕೆ ಎರಡು ಜೊತೆ ತೆಳು ಹತ್ತಿಯ ಕೈಚೀಲಗಳು, ಅದರ ಮೇಲೆ ತೊಡುವುದಕ್ಕೆ ರಬ್ಬರಿನ ಕೈಚೀಲಗಳು, ಕೆಲಸ ಮುಗಿದ ಮೇಲೆ ಕೈಯೊರಸಲು ಒಣಗಿದ ಬಟ್ಟೆ, ಹಚ್ಚಿಕೊಳ್ಳಲು ಸ್ವಲ್ಪ ವ್ಯಾಸಲೀನು—ಇವುಗಳ ವೆಚ್ಚವು ಯಾವ ಮನೆಗೂ ಭಾರವಲ್ಲ. ಬರಿಯ ರಬ್ಬರಾದರೆ ಒಳಗೆ ಬೆವರಿ ಬೆರಳು ಮತ್ತೆ ಒದ್ದೆಯಾಗುವುದರಿಂದ ಒಳಗಿನ ಹತ್ತಿಯ ಕೈಚೀಲವು ಅವಶ್ಯ. ಅದು ನೆನೆದೊಡನೆ ಬದಲಾಯಿಸಬೇಕು. ಕೀವಿನ ಉಗುರುಸುತ್ತಾದಾಗ ಎರಡು ದಿನ ಕೂಲಿ ಹಿಡಿಯದೆ ಬಿಡುವು ಕೊಡುವುದೂ ಚಿಕಿತ್ಸೆಯ ಒಂದು ಅಂಗವೇ. ಕೂಲಿ ತಪ್ಪುವ ಭಯದಿಂದಲೇ ಎಷ್ಟೋ ಬೆರಳುಗಳು ದವಾಖಾನೆಗೆ ತಡವಾಗಿ ಬರುತ್ತವೆ.

ಕೊನೆಯದಾಗಿ, ಬಾರದಂತೆ ನೋಡಿಕೊಳ್ಳುವ ಕ್ರಮ. ಉಗುರನ್ನು ನೇರವಾಗಿ, ಮಾಂಸಕ್ಕೆ ತಾಗದಂತೆ, ಕೊಂಚ ಬಿಟ್ಟು ಕತ್ತರಿಸಿರಿ. ಬದಿಯಲ್ಲೆದ್ದ ತೊಗಲಿನ ಎಳೆಯನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿರಿ. ಬುಡದ ತೆಳುಪೊರೆಯನ್ನು ಮುಟ್ಟಬೇಡಿರಿ, ಮುಟ್ಟಿಸಲೂ ಬೇಡಿರಿ. ಉಗುರು ಕತ್ತರಿಸುವ ಉಪಕರಣವನ್ನು ಒಬ್ಬರದನ್ನು ಒಬ್ಬರು ಬಳಸಬೇಡಿರಿ. ಗೀರು ಬಿದ್ದರೆ ಸಾಬೂನು ನೀರಿನಿಂದ ತೊಳೆದು, ಆರಿಸಿ, ಶುಭ್ರವಾದ ಪಟ್ಟಿ ಕಟ್ಟಿರಿ. ಉಗುರುಸುತ್ತು ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದಲ್ಲಿಯ ಸಕ್ಕರೆಯನ್ನು ಪರೀಕ್ಷೆ ಮಾಡಿಸಿರಿ. ಮಧುಮೇಹವು ಮೊದಲು ಪತ್ತೆಯಾಗುವುದು ಕೆಲವೊಮ್ಮೆ ಇಂತಹ ಸಣ್ಣ ಹುಣ್ಣುಗಳಿಂದಲೇ.

ಕೆಂಪಾದಾಗ ಬಿಸಿನೀರು, ಹಳದಿಯಾದಾಗ ವೈದ್ಯರು, ಬಹುಕಾಲ ಎಳೆದಾಗ ಒಣಗಿದ ಕೈ. ಈ ಮೂರು ಮಾತುಗಳನ್ನು ಮನೆಯವರೆಲ್ಲರಿಗೂ, ಮನೆಗೆ ಕೆಲಸಕ್ಕೆ ಬರುವವರಿಗೂ ತಿಳಿಸಬೇಕೆಂದು ಕೋರಿ ನಮ್ಮ ಭಾಷಣವನ್ನು ಮುಗಿಸುತ್ತೇವೆ.